ಪ್ರೇಮಮ್ಮನ ಬೀಸಣಿಗೆ ಗಿಡ

ಪ್ರೇಮಮ್ಮನ ಪಾಮ್ ಗಿಡ ಹೊಸದೊಂದು ಎಲೆ ಬಿಚ್ಚಿದ ದಿನ ಸುನಂದಮ್ಮನಿಗೆ ಊಟ ಸೇರಲಿಲ್ಲ. ಸೇರಲಿಲ್ಲ ಎಂದರೆ ಪೂರ್ತಿ ಉಪವಾಸವೇನಲ್ಲ, ದಿನಾ ಎರಡು ಮುದ್ದೆ ನುಂಗುವವಳು ಒಂದಕ್ಕೇ ಕೈ ತೊಳೆದಳು. ಯಾಕೆ ಎಂದು ಗಂಡ ತಿಮ್ಮಯ್ಯ ಕೇಳಿದ್ದಕ್ಕೆ ಹೊಟ್ಟೆ ಉರಿ ಎಂದಳು. ಅವನು ಮಜ್ಜಿಗೆ ಕುಡಿ ಎಂದು ಹೇಳಿ ಎದ್ದು ಹೋದ.

ಇಷ್ಟಕ್ಕೂ ಅದು ಎಂಥ ಗಿಡ? ಹೂ ಬಿಡುವುದಿಲ್ಲ, ಕಾಯಿ ಕಚ್ಚುವುದಿಲ್ಲ, ಸಾರಿಗಾಗುವುದಿಲ್ಲ, ಮೇಕೆ ಕೂಡ ಮೂಸಿ ಮುಖ ತಿರುಗಿಸುತ್ತದೆ. ಒಂದು ಕುಂಡ, ಅದರ ನಡುವೆ ಮೊಳದುದ್ದದ ಒಂದು ಕಾಂಡ, ತಲೆಯ ಸುತ್ತ ಬೀಸಣಿಗೆ ಬಿಚ್ಚಿಟ್ಟ ಹಾಗೆ ಎಲೆಗಳು. ಅಂಗಡಿಯವರು ಅದಕ್ಕೆ ಫ್ಯಾನ್ ಪಾಮ್ ಎನ್ನುತ್ತಾರಂತೆ. ಊರವರು ಬೀಸಣಿಗೆ ಗಿಡ ಎಂದರು. ಹನಗೋಡಿನಿಂದ ಒಳಕ್ಕೆ ಹೋದರೆ ಸಿಗುವ ನಮ್ಮಂಥ ಊರಿನಲ್ಲಿ ಗಿಡ ಎಂದರೆ ಹೊಗೆಸೊಪ್ಪು, ಅದು ಬಿಟ್ಟರೆ ಶುಂಠಿ, ರಾಗಿ. ನೋಡುವುದಕ್ಕೆ ಮಾತ್ರ ಎಂದು ಯಾರೂ ಏನನ್ನೂ ಬೆಳೆದವರಲ್ಲ. ಹಾಗಾಗಿ ಆ ಕುಂಡ ಜಗಲಿಗೆ ಬಂದ ಮೇಲೆ ಹಾದುಹೋಗುವವರೆಲ್ಲ ಒಂದು ಗಳಿಗೆ ನಿಂತು ನೋಡತೊಡಗಿದರು.

ಮನೆ ಒಂದೇ. ತಿಮ್ಮಯ್ಯ, ಅವನ ತಮ್ಮ ನಂಜಣ್ಣ ಇಬ್ಬರೂ ಬೇರೆಯಾಗಿಲ್ಲ. ಒಂದೇ ಒಲೆ, ಹೊಗೆಸೊಪ್ಪು ಬೇಯಿಸಿ ಒಣಗಿಸಲು ಒಂದೇ ಬ್ಯಾರನ್ ಮನೆ, ಎಲ್ಲದರ ಮೇಲೆ ತಾಯಿ ಪುಟ್ಟಮಲ್ಲಮ್ಮ. ಕಣ್ಣು ಮಂಜಾಗಿದ್ದರೂ ಬೀರುವಿನ ಬೀಗದ ಕೈ ಇನ್ನೂ ಮುದುಕಿಯ ಸೊಂಟದಲ್ಲೇ ಇತ್ತು. ಸುನಂದಮ್ಮ ಹಿರಿಸೊಸೆ, ಪ್ರೇಮಮ್ಮ ಕಿರಿಸೊಸೆ. ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎಂದು ಗಾದೆ ಮಾಡಿದವರು ಗಂಡಸರೇ ಇರಬೇಕು. ಈ ಎರಡು ಜಡೆಗಳು ಬಹಳ ವರ್ಷ ಸೇರಿಕೊಂಡೇ ಇದ್ದವು. ಒಬ್ಬಳು ರೊಟ್ಟಿ ತಟ್ಟಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು. ನಡುವೆ ಆ ಗಿಡ ಬಂತು ನೋಡಿ.

ಸುನಂದಮ್ಮನ ಸಂಕಟ ಅರ್ಥವಾಗಬೇಕಾದರೆ ಅವಳ ಕೈಯ ವಿಷಯ ಹೇಳಬೇಕು. ನಮ್ಮ ಕಡೆ ಹೊಗೆಸೊಪ್ಪಿನ ಬೀಜ ಚೆಲ್ಲುವುದು ಶಿವರಾತ್ರಿ ಕಳೆದ ಮೇಲೆ. ಬೀಜವೋ, ರಾಗಿಯ ಹಿಟ್ಟಿಗಿಂತ ನುಣುಪು. ಬೂದಿಯಲ್ಲಿ ಬೆರೆಸಿ ಪಾತಿಯ ಮೇಲೆ ಚೆಲ್ಲಬೇಕು. ಅದರ ಮೊದಲ ಹಿಡಿಯನ್ನು ಕೈಗುಣ ಇರುವ ಹೆಂಗಸೇ ಹಾಕಬೇಕೆಂಬುದು ನಮ್ಮೂರಿನ ನಡಾವಳಿ. ಸುನಂದಮ್ಮ ಮದುವೆಯಾಗಿ ಬಂದ ವರ್ಷ ಪುಟ್ಟಮಲ್ಲಮ್ಮನಿಗೆ ಚಳಿಜ್ವರ ಬಂದು, ಹೊಸ ಸೊಸೆಯೇ ಬೀಜ ಹಾಕಿದಳು. ಆ ವರ್ಷ ಊರಲ್ಲೆಲ್ಲ ಸಸಿ ಕೊಳೆತರೂ ಇವರ ಪಾತಿ ಮಾತ್ರ ಹಸಿರು ಕಂಬಳಿ ಹಾಸಿದ ಹಾಗೆ ಎದ್ದಿತು. ಅಲ್ಲಿಂದ ಅವಳದೇ ಕೈ. ಪಕ್ಕದ ಮನೆಯ ಕಂಠಪ್ಪನಿಂದ ಹಿಡಿದು ಊರಿನ ಅರ್ಧ ಜನ ಅವಳನ್ನು ಕರೆದೊಯ್ದು ಮೊದಲ ಹಿಡಿ ಹಾಕಿಸಿ, ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು.

ಅವಳಿಗೆ ಇದ್ದದ್ದೂ ಅದೊಂದೇ. ತವರಿನಿಂದ ಹೊತ್ತು ತಂದದ್ದಿಲ್ಲ, ಬಣ್ಣವಿಲ್ಲ, ಓದಿಲ್ಲ, ಗಂಡು ಮಗು ಹೆರಲಿಲ್ಲ ಎಂಬ ಮಾತನ್ನು ಎಷ್ಟೋ ವರ್ಷ ಕೇಳಿದವಳು. ಒಬ್ಬಳೇ ಮಗಳು ರಮ್ಯಶ್ರೀಯನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಾಗಿತ್ತು. ಆದರೆ ಶಿವರಾತ್ರಿ ಕಳೆದರೆ ಸಾಕು, ಊರಿಗೆ ಊರೇ ಅವಳ ಬಾಗಿಲಿಗೆ ಬರುತ್ತಿತ್ತು. ಆಷಾಢದಲ್ಲಿ ಕುಡಿ ಮುರಿಯುವುದರಲ್ಲೂ ಅವಳನ್ನು ಮೀರಿಸುವವರಿರಲಿಲ್ಲ. ಹೊಗೆಸೊಪ್ಪಿನ ಗಿಡ ಹೂವಿಗೆ ಬರುವ ಹೊತ್ತಿಗೆ ತುದಿಯ ಕುಡಿಯನ್ನು ಚಟ್ಟನೆ ಮುರಿದರೆ ಗಿಡದ ಕಸುವೆಲ್ಲ ಎಲೆಗಿಳಿದು, ಎಲೆ ಮೊರದಗಲ ಆಗುತ್ತದೆ. ಮುರಿಯದೆ ಬಿಟ್ಟವನ ಹೊಲ ನೋಡಿದರೆ ನಮ್ಮವರು ಸೋಮಾರಿ ಎಂದು ಉಗಿಯುತ್ತಾರೆ. ಸುನಂದಮ್ಮನ ಹೆಬ್ಬೆರಳಿಗೆ ಆ ಕೆಲಸ ನಿದ್ದೆಯಲ್ಲೂ ಬರುತ್ತಿತ್ತು.

ಪ್ರೇಮಮ್ಮ ಆ ಗಿಡ ತಂದದ್ದು ಹೋದ ವರ್ಷದ ಗೌರಿ ಹಬ್ಬದಲ್ಲಿ. ಬಳೆ ತರಲೆಂದು ಹುಣಸೂರಿಗೆ ಹೋದವಳು ಬಸ್ಸಿನಲ್ಲಿ ತೊಡೆಯ ಮೇಲೆ ಕುಂಡ ಇಟ್ಟುಕೊಂಡು ಬಂದಿಳಿದಳು. ಹುಣಸೂರಿನಲ್ಲಿ ಅಬ್ದುಲ್ ರಹಮಾನ್ ಮತ್ತು ಅವನ ಹೆಂಡತಿ ಅಕ್ತರುನ್ನೀಸಾ ನಡೆಸುವ ನರ್ಸರಿಯಿಂದ ಕೊಂಡದ್ದು. ಆಗ ಇದ್ದದ್ದು ಮೂರೇ ಎಲೆ. ಸುನಂದಮ್ಮ ನೋಡಿ ನಕ್ಕಳು. ಬಾಡಿಹೋಗುತ್ತೆ, ಸುಮ್ಮನೆ ದಂಡ ಎಂದಳು. ಅವಳು ಹಾಗೆ ಹೇಳಿದ್ದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಆಗಿನ್ನೂ.

ಗಿಡ ಬಾಡಲಿಲ್ಲ. ಪ್ರೇಮಮ್ಮ ಅದನ್ನು ಎಳೆಬಿಸಿಲು ಮಾತ್ರ ಬೀಳುವ ಜಗಲಿಯ ಮೂಲೆಯಲ್ಲಿಟ್ಟಳು. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಎಲೆಯ ಮಡಿಕೆಗಳಲ್ಲಿ ಕೂತ ಧೂಳನ್ನು ಹಳೆಯ ಪಂಚೆಯ ಒದ್ದೆ ಚೂರಿನಿಂದ ಒರೆಸುತ್ತಿದ್ದಳು. ತುದಿ ಕಂದಾದರೆ ಕತ್ತರಿಯಲ್ಲಿ ಅಷ್ಟೇ ಅಷ್ಟು ಸವರುತ್ತಿದ್ದಳು. ಒಂದೇ ಕಡೆ ಬಾಗದಿರಲೆಂದು ಆಗಾಗ ಕುಂಡ ತಿರುಗಿಸಿಡುತ್ತಿದ್ದಳು. ಗೊತ್ತಾಗದಿದ್ದಾಗ ಅಕ್ತರುನ್ನೀಸಾಳಿಗೆ ಫೋನು. ಒಂದು ಗಿಡಕ್ಕೆ ಇಷ್ಟೊಂದು ಬಾಣಂತನವೇ ಎಂದು ಸುನಂದಮ್ಮ ಮನಸ್ಸಿನಲ್ಲೇ ಮೂಗು ಮುರಿದಳು.

ಗಿಡ ಮಾತ್ರ ಬೆಳೆಯಿತು. ಸ್ತ್ರೀಶಕ್ತಿ ಸಂಘದ ಹೆಂಗಸರು ಕಂತು ಕಟ್ಟಲು ಬಂದಾಗ ಮೊದಲು ಅದರ ಮುಂದೆ ನಿಲ್ಲುವುದು, ಆಮೇಲೆ ಕೂರುವುದು ಎಂದಾಯಿತು. ದೀಪಾವಳಿಗೆ ಬಂದ ರಮ್ಯಶ್ರೀ ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, 'ನಮ್ಮ ಚಿಕ್ಕಮ್ಮನ ಕೈಗುಣ' ಎಂದು ಬರೆದು ಸ್ಟೇಟಸ್ ಹಾಕಿದಳು. ಹೆತ್ತ ಮಗಳು! ಅವ್ವನ ಕೈಯಲ್ಲಿ ಎದ್ದ ಸಸಿಯಿಂದಲೇ ಓದಿ, ಅದರಿಂದಲೇ ಮದುವೆಯಾದ ಮಗಳು. ಒಂದು ಪಾತಿಯ ಮುಂದೆಯೂ ನಿಂತು ಅವಳು ಫೋಟೋ ತೆಗೆಸಿಕೊಂಡವಳಲ್ಲ. ಸುನಂದಮ್ಮ ಅದನ್ನು ಫೋನಿನಲ್ಲಿ ಮತ್ತೆ ಮತ್ತೆ ತೆರೆದು ನೋಡಿದಳು. ನೋಡಿದಷ್ಟೂ ಎದೆಗೆ ಖಾರ ಎರಚಿದ ಹಾಗಾಯಿತು.

ಅವಳೂ ಒಂದು ಗಿಡ ತಂದಳು. ಇದು ಮನೆಯಲ್ಲಿ ಯಾರಿಗೂ ತಿಳಿಯದು. ಮಗಳ ಮನೆಯಿಂದ ಬರುವಾಗ ಹುಣಸೂರು ಬಸ್‌ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯವನಲ್ಲಿ ಅದೇ ಜಾತಿಯದನ್ನು ಕೊಂಡು, ಚೀಲದಲ್ಲಿ ಬಚ್ಚಿಟ್ಟು ತಂದು, ಬ್ಯಾರನ್ನಿನ ಹಿಂದೆ ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿ ಇಟ್ಟಳು. ಸಸಿಗೆ ಹಾಕುವ ಗೊಬ್ಬರವನ್ನೇ ಎರಡು ಪಟ್ಟು ಹಾಕಿದಳು. ಬೆಳಿಗ್ಗೆ ಸಂಜೆ ಬಿಂದಿಗೆ ನೀರು. ಹದಿನೈದು ದಿನಕ್ಕೆ ಅದು ಸುಟ್ಟ ಹಪ್ಪಳವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಗಾಡಿಯವನು ಕೊಳೆತ ಬೇರಿನದು ಕೊಟ್ಟ ಎಂದು ಬೈದುಕೊಳ್ಳುತ್ತ ತಿಪ್ಪೆಯೊಳಗೆ ಹೂತುಬಿಟ್ಟಳು. ಆದರೆ ಅಂದಿನಿಂದ ಅವಳಿಗೆ ಕೈಗುಣದ ಹೆಸರೂ ಪ್ರೇಮಮ್ಮನ ಪಾಲಾದೀತೆಂಬ ಹೆದರಿಕೆ ಹತ್ತಿಕೊಂಡಿತು.

ಹೆದರಿಕೆ ನಿಜವಾದದ್ದು ಅವರೆಕಾಯಿಯ ಕಾಲದಲ್ಲಿ. ಒಂದು ಮಧ್ಯಾಹ್ನ ಜಗಲಿಯಲ್ಲಿ ಅತ್ತೆ ಸೊಸೆಯರು ಮೂವರೂ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಪುಟ್ಟಮಲ್ಲಮ್ಮ ಕೈ ಚಾಚಿ ಆ ಗಿಡದ ಎಲೆಯನ್ನು ತಡವಿ ನೋಡಿದಳು. ಮಂಜುಗಣ್ಣಿನವಳಿಗೆ ಕೈಯೇ ಕಣ್ಣು. ಒಂದು ಎಲೆಯ ಅಂಚನ್ನು ಪೂರ್ತಿ ಸವರಿ, ಇನ್ನೊಂದನ್ನು ಸವರಿ, ಆಮೇಲೆ ಹೇಳಿದಳು.

"ನಿನ್ ಕೈ ಚೆಂದಾಗೈತೆ ಕಣವ್ವ ಪ್ರೇಮಾ. ಈ ಸತಿ ಬೀಜ ನೀನೇ ಆಕ್ಬುಡು, ನೋಡಾನ."

ಪ್ರೇಮಮ್ಮ ಅಕ್ಕ ಇರುವಾಗ ನಾನ್ಯಾಕೆ ಅತ್ತೆ ಎಂದಳು. ಬಾಯಿ ಹಾಗಂದಿತು, ಮುಖ ಮಾತ್ರ ದೀಪ ಹಚ್ಚಿದಂತಾಯಿತು. ಸುನಂದಮ್ಮ ಅದನ್ನು ನೋಡಿಬಿಟ್ಟಳು. ಮುದುಕಿ ಶಿವರಾತ್ರಿ ಬರಲಿ, ಆಗ ನೋಡೋಣ ಎಂದು ಮಾತು ಮುಗಿಸಿದಳು. ಆ ದಿನ ಸುನಂದಮ್ಮ ಹಿಸುಕಿದ ಬೇಳೆಯೆಲ್ಲ ನಜ್ಜುಗುಜ್ಜಾಗಿತ್ತು. ಬೀಜ ಕೈತಪ್ಪಿದರೆ ಈ ಮನೆಯಲ್ಲಿ ನಾನ್ಯಾರು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಬೇಯಿಸುವವಳು, ತೊಳೆಯುವವಳು, ಅಷ್ಟೇ ತಾನೆ?

ಸಂಕ್ರಾಂತಿ ಆದ ವಾರವೇ ಎಚ್.ಡಿ. ಕೋಟೆಯಿಂದ ಫೋನು ಬಂತು. ಪ್ರೇಮಮ್ಮನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ನೋಡಿಕೊಳ್ಳಲು ಇನ್ನೊಬ್ಬರಿಲ್ಲ. ಪ್ರೇಮಮ್ಮ ಅವತ್ತೇ ಬಟ್ಟೆ ಕಟ್ಟಿಕೊಂಡಳು, ಶಿವರಾತ್ರಿಗೆ ಬರುತ್ತೇನೆ ಎಂದಳು. ಹೊರಡುವಾಗ ಕುಂಡದ ಹತ್ತಿರ ಸುನಂದಮ್ಮನನ್ನು ಕರೆದು ನಿಲ್ಲಿಸಿ, ವಾರಕ್ಕೆರಡು ಸಲ ಒಂದು ಚೊಂಬು ನೀರು ಹಾಕಿದರೆ ಸಾಕು, ಬೇರೇನೂ ಬೇಡ ಎಂದು ಹೇಳಿ ಹೋದಳು. ಬೇರೇನೂ ಬೇಡವಂತೆ. ಊರಿಗೆಲ್ಲ ಸಸಿ ಎಬ್ಬಿಸಿದವಳಿಗೆ ಇವಳು ಪಾಠ ಹೇಳಿ ಹೋದಳಲ್ಲ ಎಂದು ಸುನಂದಮ್ಮನಿಗೆ ಮೈಯೆಲ್ಲ ಉರಿಯಿತು.

ಸುಳ್ಳು ಯಾಕೆ ಹೇಳಬೇಕು, ಕೆಟ್ಟ ಯೋಚನೆ ಬಂದದ್ದುಂಟು. ನೀರು ಹಾಕದೆ ಬಿಟ್ಟರೆ? ಅನ್ನ ಬಸಿದ ಬಿಸಿ ಗಂಜಿಯನ್ನು ಬೇರಿಗೆ ಸುರಿದರೆ? ಒಂದು ದಿನ ಗಂಜಿಯ ಪಾತ್ರೆ ಹಿಡಿದು ಜಗಲಿಯವರೆಗೆ ಬಂದೂ ಬಂದಳು. ಆದರೆ ಸಸಿಗಳ ಜೊತೆ ಬಾಳಿದ ಕೈ, ಬದುಕಿರುವ ಗಿಡಕ್ಕೆ ಬಿಸಿ ಸುರಿಯಲು ಒಪ್ಪಲಿಲ್ಲ. ತಿರುಗಿ ಹೋಗಿ ಎಮ್ಮೆಯ ಬಾನಿಗೆ ಹಾಕಿದಳು. ಚೊಂಬು ನೀರು ತಪ್ಪದೆ ಕೊಟ್ಟಳು. ಕೊಡುತ್ತಲೇ ಅದನ್ನು ಶಪಿಸಿದಳು. ಮನೆಯಲ್ಲಿ ಯಾರೂ ಇಲ್ಲದಾಗ ಎಲೆಗಳ ಧೂಳನ್ನೂ ಒರೆಸಿದಳು. ಬಂದವರು, ಪ್ರೇಮ ಇಲ್ಲದಿದ್ದರೂ ಗಿಡ ಹೇಗಿದೆ ನೋಡಿ, ಅವಳು ಅಷ್ಟು ಚೆನ್ನಾಗಿ ಬೇರೂರಿಸಿ ಹೋಗಿದ್ದಾಳೆ ಎಂದರು. ನೀರು ಹಾಕಿದವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಆಗ ನಡುವಿನಿಂದ ಹೊಸ ಕುಡಿ ಎದ್ದಿತು. ಮಡಿಚಿದ ಬೀಸಣಿಗೆಯ ಹಾಗೆ ನೆಟ್ಟಗೆ, ಮೊನಚಾಗಿ, ಎಳೆ ಹಸಿರು. ಅದು ದಿನಕ್ಕಿಷ್ಟು ಏರುವುದನ್ನು ಸುನಂದಮ್ಮ ಒಲೆಯ ಮುಂದಿನಿಂದಲೇ ನೋಡುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಪ್ರೇಮಮ್ಮ ಬಂದು ಚಪ್ಪಾಳೆ ತಟ್ಟುತ್ತಾಳೆ, ಅತ್ತೆ ಎಲೆ ಸವರುತ್ತಾಳೆ, ಬೀಜದ ಬಟ್ಟಲು ಅವಳ ಕೈಗೆ ಹೋಗುತ್ತದೆ. ಹೀಗೆ ಯೋಚಿಸುತ್ತ ಯೋಚಿಸುತ್ತ ಒಂದು ಬೆಳಿಗ್ಗೆ ಅವಳಿಗೆ ಬೇರೆಯೇ ಒಂದು ದಾರಿ ಹೊಳೆಯಿತು. ಹೊಳೆದದ್ದೇ ತಡ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಈ ಗಿಡದ ಕುಡಿಯನ್ನು ಯಾರೂ ಮುರಿದೇ ಇಲ್ಲವಲ್ಲ! ಪ್ರೇಮಮ್ಮನಿಗೆ ಆ ಕೆಲಸ ಎಲ್ಲಿ ಗೊತ್ತು? ಅವಳ ತವರಿನಲ್ಲಿ ಹತ್ತಿ, ಜೋಳ. ಕಸುವೆಲ್ಲ ತುದಿಗೆ ಹೋಗಿ ಎಲೆ ಅಂಗೈ ಅಗಲಕ್ಕೇ ನಿಂತಿದೆ. ಈಗ ಕುಡಿ ಮುರಿದರೆ ಇರುವ ಎಲೆಗಳೆಲ್ಲ ಮೊರದಗಲವಾಗಿ, ದಪ್ಪಗೆ, ಕಪ್ಪು ಹಸಿರಾಗಿ ಬಲಿಯುತ್ತವೆ. ಅತ್ತೆ ಸವರಿದರೆ ಸಾಕು, ತಿಳಿಯುತ್ತದೆ. ಸುನಂದನ ಕೈ ಬಿದ್ದ ಮೇಲೆ ಗಿಡ ಗಿಡವಾಯಿತು ಎಂದು ಊರೇ ಹೇಳುತ್ತದೆ. ಪ್ರೇಮಮ್ಮನ ಗಿಡದ ಮೇಲೆಯೇ ತನ್ನ ಹೆಸರು ನಿಲ್ಲುತ್ತದೆ. ಅಸೂಯೆಗೆ ಇದಕ್ಕಿಂತ ಸಿಹಿಯಾದ ಊಟ ಇನ್ನೇನಿದೆ?

ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು, ಮುದುಕಿ ಒಳಗೆ ಮಲಗಿದ್ದಳು. ಸುನಂದಮ್ಮ ಆಷಾಢದಲ್ಲಿ ಮಾಡುವ ಹಾಗೆಯೇ ಕಾಂಡವನ್ನು ಎಡಗೈಯಲ್ಲಿ ಹಿಡಿದು, ಕುಡಿಯನ್ನು ಬುಡದವರೆಗೆ ಅನುಸರಿಸಿ ಹೋಗಿ ಮುರಿದಳು. ಒಳಗೆ ಇನ್ನೊಂದು ಪುಟ್ಟ ಕುಡಿ ಕಂಡಿತು. ಅರ್ಧ ಬಿಟ್ಟರೆ ಮತ್ತೆ ಚಿಗುರುತ್ತದೆ ಎಂದು ಅದನ್ನೂ ಉಗುರು ಹಾಕಿ ಕಿತ್ತಳು. ತೆಂಗಿನ ಮೊಳಕೆಯ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ಚೊಂಬು ನೀರನ್ನು ತಲೆಯ ಮೇಲಿಂದಲೇ ಹುಯ್ದಳು. ಬಹಳ ದಿನಗಳ ಮೇಲೆ ಅವತ್ತು ಅವಳು ಎರಡು ಮುದ್ದೆ ಉಂಡಳು.

ಮೊದಲ ವಾರ ಏನೂ ಆಗಲಿಲ್ಲ. ಎಲೆಗಳು ಹಸಿರಾಗಿಯೇ ಇದ್ದವು, ಅವಳು ದಿನಾ ಗೇಣು ಹಾಕಿ ಅಳೆಯುತ್ತಿದ್ದಳು. ಒಂದು ಕೂದಲೆಳೆಯಷ್ಟೂ ಅಗಲವಾಗಲಿಲ್ಲ. ಆಮೇಲೆ ಕುಡಿ ಇದ್ದ ಜಾಗ ಕಪ್ಪಾಯಿತು, ಬಗ್ಗಿ ನೋಡಿದರೆ ಕೆಟ್ಟ ನಾತ. ಒಳಗಿನ ಎಲೆ ಮುಟ್ಟಿದರೆ ಬುಡದಿಂದಲೇ ಕಳಚಿ ಕೈಗೆ ಬಂತು. ಅವಳು ಬೂದಿ ತುಂಬಿದಳು, ಅರಿಸಿನ ತುಂಬಿದಳು. ಹೊಗೆಸೊಪ್ಪಿನ ಸಸಿ ಕೊಳೆತಾಗ ಹೊಡೆಯುವ ಔಷಧಿ ಹೊಡೆದಳು. ಉಳಿದ ಎಲೆಗಳು ಒಂದೊಂದಾಗಿ ಹಳದಿಗೆ ತಿರುಗಿ ಕೆಳಗೆ ಜೋತವು. ಶಪಿಸಿದ ಬಾಯಲ್ಲೇ ಈಗ ಬದುಕ್ಕೋ ತಾಯಿ, ಬದುಕ್ಕೋ ಎಂದು ಬೇಡಿಕೊಂಡಳು. ಬ್ಯಾರನ್ನಿನ ಹಿಂದೆ ಸತ್ತದ್ದಕ್ಕೆ ಗಾಡಿಯವನಿದ್ದ, ಇದಕ್ಕೆ ಯಾರೂ ಇರಲಿಲ್ಲ.

ಶಿವರಾತ್ರಿಯ ಹಿಂದಿನ ದಿನ ಪ್ರೇಮಮ್ಮ ಬಂದಳು. ಚಪ್ಪಲಿ ಬಿಡುವ ಮೊದಲೇ ಕುಂಡ ಕಂಡಿತು. ಅವಳು ಕೂಗಾಡಲಿಲ್ಲ. ಚೀಲ ಕೆಳಗಿಟ್ಟು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಮುರಿದ ಜಾಗವನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಫೋಟೋ ತೆಗೆದು ಅಕ್ತರುನ್ನೀಸಾಳಿಗೆ ಕಳಿಸಿದಳು. ಅಷ್ಟರಲ್ಲಿ ತಿಮ್ಮಯ್ಯ, ನಂಜಣ್ಣ ಹೊಲದಿಂದ ಬಂದು ಜಗಲಿಯಲ್ಲಿ ಕೂತಿದ್ದರು, ಪುಟ್ಟಮಲ್ಲಮ್ಮ ಕಂಬಕ್ಕೊರಗಿದ್ದಳು. ಸುನಂದಮ್ಮ ಎಲ್ಲರಿಗೂ ಕಾಫಿ ತಂದು ನಿಂತಿದ್ದಾಗ ಫೋನು ಗುಂಯ್ ಎಂದಿತು. ಅಕ್ತರುನ್ನೀಸಾ ಮಾತಾಡಿ ಕಳಿಸಿದ್ದಳು. ಪ್ರೇಮಮ್ಮ ಎಲ್ಲರಿಗೂ ಕೇಳುವ ಹಾಗೆ ಹಾಕಿದಳು.

"ಅದು ಹೋಯ್ತು ಕಣಮ್ಮ. ಪಾಮ್‌ಗೆ ಇರೋದು ಒಂದೇ ಕುಡಿ, ಬೇರೆ ಗಿಡದಂಗೆ ಮತ್ತೆ ಚಿಗುರಲ್ಲ. ಇದು ತಾನಾಗಿ ಬಿದ್ದಿದ್ದಲ್ಲ, ಯಾರೋ ಮುರಿದವ್ರೆ. ಗಿಡ ಗೊತ್ತಿರೋರು ಯಾರೂ ಅದಕ್ಕೆ ಕೈ ಹಾಕಲ್ಲಮ್ಮ, ಬೇಕೂಂತ್ಲೇ ಮಾಡಿರ್ಬೇಕು."

ಎಲ್ಲರೂ ಸುನಂದಮ್ಮನ ಕಡೆ ನೋಡಿದರು. ಆ ತಿಂಗಳು ಗಿಡ ಇದ್ದದ್ದು ಅವಳ ಸುಪರ್ದಿನಲ್ಲಿ, ಬೇರೆ ಯಾರನ್ನು ನೋಡುತ್ತಾರೆ? ಪ್ರೇಮಮ್ಮ ಮೆಲ್ಲಗೆ ಕೇಳಿದಳು.

"ಏನಾಯ್ತು ಅಕ್ಕ?"

ಸುನಂದಮ್ಮನ ಮುಂದೆ ಎರಡೇ ಬಾಗಿಲು. ಗೊತ್ತಿಲ್ಲದೆ ಮುರಿದೆ ಎಂದರೆ, ಗಿಡ ತಿಳಿಯದವಳು ಎಂದಾಯಿತು. ಅಕ್ತರುನ್ನೀಸಾಳ ಮಾತನ್ನು ಅತ್ತೆ ಈಗಷ್ಟೇ ಕೇಳಿದ್ದಾಳೆ. ಒಂದು ಕುಂಡದ ಗಿಡದ ಕುಡಿ ಯಾವುದು, ಮುರಿಯಬಾರದ್ದು ಯಾವುದು ಎಂದು ತಿಳಿಯದ ಕೈಗೆ ಇನ್ನು ಯಾರು ಬೀಜ ಕೊಡುತ್ತಾರೆ? ಇಷ್ಟು ವರ್ಷ ಊರೆಲ್ಲ ಕರೆದದ್ದು ಬರೀ ಅದೃಷ್ಟ ಎಂದಾಗುತ್ತದೆ. ಹೊಟ್ಟೆಕಿಚ್ಚಿನವಳು ಎಂದರೆ ಎನ್ನಲಿ. ಹೊಟ್ಟೆಕಿಚ್ಚು ಯಾವ ಮನೆಯಲ್ಲಿಲ್ಲ? ಕೈ ಉಳಿದರೆ ಸಾಕು. ಅವಳು ಕಾಫಿ ತಟ್ಟೆಯನ್ನು ಕೆಳಗಿಟ್ಟಳು.

"ನಾನೇ ಮುರ್ದೆ. ಬೇಕೂಂತ್ಲೇ ಮುರ್ದೆ."

ಹೇಳಿದ ಮೇಲೆ ಅವಳು ಒಂದು ಗಳಿಗೆ ಕಾದಳು. ಯಾರಾದರೂ ಒಬ್ಬರು ಇಲ್ಲ, ಸುನಂದ ಅಂಥವಳಲ್ಲ ಎನ್ನಬಹುದೆಂದು ಅವಳ ಮನಸ್ಸಿನ ಯಾವುದೋ ಮೂಲೆ ಕಾಯುತ್ತಿತ್ತು. ಅತ್ತೆ ಅನ್ನದಿದ್ದರೆ ಗಂಡನಾದರೂ ಅಂದಾನು. ತಿಮ್ಮಯ್ಯ ಕಾಫಿ ಮುಟ್ಟದೆ ಎದ್ದ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ನೀನು ಇಂಥದ್ದೇನಾದರೂ ಮಾಡುತ್ತೀಯೆಂದು ನನಗೆ ಗೊತ್ತಿತ್ತು ಎಂದ. ಕೂಗಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ದಣಿದ ದನಿಯಲ್ಲಿ ಹೇಳಿದ. ನಂಜಣ್ಣ ನೆಲ ನೋಡುತ್ತ ಕೂತ. ಯಾರ ಮುಖದಲ್ಲೂ ಆಶ್ಚರ್ಯ ಎಂಬುದು ಇರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡ ಜನ ತನ್ನ ಬಗ್ಗೆ ಇದನ್ನು ನಂಬಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲವಲ್ಲ ಎಂದು ಸುನಂದಮ್ಮ ಒಂದೊಂದೇ ಮುಖ ನೋಡಿದಳು.

ಪುಟ್ಟಮಲ್ಲಮ್ಮ ಕಂಬದಿಂದ ಬೆನ್ನೆತ್ತಿದಳು. ಆಮೇಲೆ ಮಾತಾಡಿದಳು, ಸಿಟ್ಟಿಲ್ಲದೆ.

"ಮನಸ್ನಾಗೆ ಕಿಚ್ಚು ಮಡಿಕ್ಕೊಂಡು ಬೀಜಕ್ಕೆ ಕೈ ಆಕ್ಬಾರ್ದು ಕಣವ್ವ. ಈ ಸತಿ ನೀನು ದೂರ ಇರು."

ಸುನಂದಮ್ಮ ಇದನ್ನು ಎಣಿಸಿರಲಿಲ್ಲ. ಕೈ ಉಳಿಸಿಕೊಳ್ಳಲೆಂದು ಹೇಳಿದ ಸುಳ್ಳೇ ಕೈಯಿಂದ ಬೀಜ ಕಿತ್ತುಕೊಂಡಿತ್ತು. ಈಗ ನಿಜ ಹೇಳಿದರೆ ಬೀಜದ ಜೊತೆ ಕೈಯ ಹೆಸರೂ ಹೋಗುತ್ತದೆ. ಅವಳು ತಣ್ಣಗಾದ ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬೀಜ ಚೆಲ್ಲುವ ದಿನ ಪ್ರೇಮಮ್ಮ ತಲೆಗೆ ಸ್ನಾನ ಮಾಡಿ, ಪಾತಿಗೆ ಅರಿಸಿನ ಕುಂಕುಮ ಇಟ್ಟು, ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಸುನಂದಮ್ಮ ಹುಲ್ಲಿನ ಮೆದೆಯ ಪಕ್ಕ ನಿಂತಿದ್ದಳು, ಪಾತಿಗೆ ಮುಚ್ಚುವ ಹುಲ್ಲು ಕೊಡುವ ಕೆಲಸ ಅವಳದು. ಪ್ರೇಮಮ್ಮನಿಗೆ ಬೂದಿಯ ಅಳತೆ ತಿಳಿಯಲಿಲ್ಲ. ಮುಷ್ಟಿ ಬಿಗಿ ಹಿಡಿದು ಒಂದು ಕಡೆ ರಾಶಿ, ಒಂದು ಕಡೆ ಬೋಳು ಎನ್ನುವ ಹಾಗೆ ಎರಚಿದಳು. ಬೆರಳ ಸಂದಿಯಿಂದ ಜಾರಿಸಬೇಕು ಎಂಬ ಮಾತು ಸುನಂದಮ್ಮನ ನಾಲಿಗೆಯವರೆಗೆ ಬಂತು. ಅವಳು ಹೇಳಲಿಲ್ಲ. ಹುಟ್ಟದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ತಾನು ಉಣ್ಣುವ ಅನ್ನವೂ ಅದರಲ್ಲೇ ಇದೆ ಎಂದು ಗೊತ್ತಿದ್ದೂ, ಹುಟ್ಟದಿರಲಿ, ಕಂಠಪ್ಪನ ಮನೆಯಲ್ಲೂ ಹುಟ್ಟದಿರಲಿ ಎಂದುಕೊಂಡಳು. ಯಾಕೆಂದರೆ ಅಂದು ಮಧ್ಯಾಹ್ನ ಕಂಠಪ್ಪನ ಹೆಂಡತಿ ಬಂದು ರವಿಕೆ ಕಣ ಕೊಟ್ಟು ಕರೆದೊಯ್ದದ್ದು ಪ್ರೇಮಮ್ಮನನ್ನು.

ದಿನ ಬೆಳಗಾದರೆ ಸುನಂದಮ್ಮ ಪಾತಿಯ ಹತ್ತಿರ ಹೋಗಿ ಹುಲ್ಲು ಸರಿಸಿ ನೋಡುವಳು. ಬರೀ ಮಣ್ಣು ಕಂಡರೆ ಒಳಗೊಳಗೇ ಹಿಗ್ಗುವಳು. ಹಿಗ್ಗಿದ್ದಕ್ಕೆ ತನಗೇ ಅಸಹ್ಯವಾಗಿ ಬಿರಬಿರನೆ ವಾಪಸು ಬರುವಳು. ಒಂದು ಬೆಳಿಗ್ಗೆ ಹುಲ್ಲು ಸರಿಸಿದರೆ ಪಾತಿಯ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಹಸಿರು. ಇನ್ನೆರಡು ದಿನಕ್ಕೆ ಬೋಳು ಬಿದ್ದಿದ್ದ ಕಡೆಯೂ ಬಂತು, ನೀರು ಹುಯ್ದಾಗ ಬೀಜ ಹರಿದು ತಾನೇ ಜಾಗ ಹಿಡಿದಿತ್ತು. ಕಂಠಪ್ಪನ ಪಾತಿಯಲ್ಲೂ ಬಂತು. ಯಾರನ್ನೂ ಕರೆಯದೆ ಗಂಡಸರೇ ಚೆಲ್ಲಿಕೊಂಡ ಮನೆಗಳಲ್ಲೂ ಬಂತು. ಪ್ರತಿ ವರ್ಷ ಹೇಗೆ ಬರುತ್ತಿತ್ತೋ ಹಾಗೆಯೇ, ಅಷ್ಟೇ ಒತ್ತಾಗಿ.

ಸುನಂದಮ್ಮ ಪಾತಿಯ ಬದುವಿನ ಮೇಲೆ ಕೂತುಬಿಟ್ಟಳು. ಯಾರ ಕೈಯಿಂದ ಬಿದ್ದೆನೆಂದು ಬೀಜಕ್ಕೆ ಗೊತ್ತಿರಲಿಲ್ಲ. ಎಂದೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ ಊರಿನ ಸಸಿ ಕೊಳೆತದ್ದು ತಗ್ಗಿನ ಪಾತಿಗಳಲ್ಲಿ ನೀರು ನಿಂತು, ಇವರ ಪಾತಿ ಏರಿನಲ್ಲಿತ್ತು, ಅಷ್ಟೇ. ಇಂಥ ಇಲ್ಲದ ವಸ್ತುವಿಗಾಗಿ ಅವಳು ಇದ್ದ ಮಾನವನ್ನು ಕೊಟ್ಟು ಬಂದಿದ್ದಳು. ಅವಳಿಗೆ ಅಳು ಬಂತು. ಅತ್ತಳು. ಅತ್ತ ಮೇಲೆ ಎದೆಯ ಮೇಲಿಂದ ಏನೋ ಇಳಿದಂತೆಯೂ ಆಯಿತು. ಕೈಗುಣವೇ ಇಲ್ಲ ಎಂದ ಮೇಲೆ ಮುಚ್ಚಿಡುವುದಕ್ಕೆ ಏನಿದೆ? ಇನ್ನು ನಿಜ ಹೇಳಬಹುದು.

ಸಸಿಗಳನ್ನು ಪಾತಿಯಿಂದ ಕಿತ್ತು ಟ್ರೇಗಳಿಗೆ ಕೂರಿಸುವ ಕೆಲಸ ಬಂತು. ನೆರಳುಪರದೆಯ ಕೆಳಗೆ ವಾರಗಿತ್ತಿಯರಿಬ್ಬರೂ ಎದುರುಬದುರು ಕೂತರು. ಟ್ರೇಯ ಒಂದೊಂದು ಗುಳಿಯಲ್ಲಿ ಒಂದೊಂದು ಸಸಿ, ಬೇರು ಮಡಿಚದಂತೆ ಕಡ್ಡಿಯಿಂದ ಒತ್ತಬೇಕು. ಶಿವರಾತ್ರಿಯಿಂದೀಚೆಗೆ ಪ್ರೇಮಮ್ಮ ಮುನಿಸು ತೋರಿಸಿರಲಿಲ್ಲ. ಮೊದಲಿನ ಹಾಗೆ ಅಕ್ಕ ಎಂದೇ ಕರೆಯುತ್ತಿದ್ದಳು, ತಟ್ಟೆಗೆ ಮುದ್ದೆ ಇಡುವಾಗ ಇನ್ನೊಂದು ಚೂರು ಎನ್ನುತ್ತಿದ್ದಳು. ಆ ಒಳ್ಳೆಯತನವೂ ಸುನಂದಮ್ಮನಿಗೆ ಚುಚ್ಚುತ್ತಿತ್ತು. ಒಳ್ಳೆಯವಳು ಎಂಬ ಹೆಸರೂ ಇವಳಿಗೇ ಹೋಯಿತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯುತ್ತಿತ್ತು. ಅವಳು ಎರಡು ಟ್ರೇ ಮುಗಿಸಿದಳು. ಮೂರನೆಯದಕ್ಕೆ ಕಡ್ಡಿ ಕೆಳಗಿಟ್ಟಳು.

"ಪ್ರೇಮಾ, ಆ ಗಿಡ ನಾನು ಬೇಕೂಂತ ಮುರೀಲಿಲ್ಲ ಕಣೆ. ನಂಗೆ ಗೊತ್ತಿರ್ನಿಲ್ಲ. ಒಗೆಸೊಪ್ಪಿನಂಗೇ ಅಂದ್ಕಂಡೆ. ಎಲೆ ಅಗಲ ಆಗ್ಲಿ ಅಂತ ಮುರ್ದೆ."

ಪ್ರೇಮಮ್ಮನ ಕೈ ನಿಂತಿತು. ಅವಳು ಸುನಂದಮ್ಮನ ಮುಖವನ್ನು ನೋಡಿದಳು, ನೋಡಿ ಸಣ್ಣಗೆ ನಕ್ಕಳು. ಕೊಂಕಿನ ನಗೆಯಲ್ಲ. ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಕ್ಕನ ಮೊಣಕಾಲಿನ ಮೇಲಿಟ್ಟಳು.

"ಬುಡಿ ಅಕ್ಕ. ನಿಮ್ಗೆ ಗೊತ್ತಿಲ್ದಿರೋ ಗಿಡ ಯಾವ್ದೈತೆ? ಅವತ್ತು ಎಲ್ಲರ್ ಮುಂದೆ ನಿಜ ಒಪ್ಕೊಂಡ್ರಲ್ಲ, ಅದಕ್ಕೇ ನಾನು ಅವತ್ತೇ ಮರ್ತ್‌ಬುಟ್ಟೆ. ಈಗ ಸುಳ್ಳೇಳಿ ಅದ್ನ ಕೆಡಿಸ್ಕೋಬ್ಯಾಡಿ."

ಸುನಂದಮ್ಮ ಮತ್ತೆ ಬಾಯಿ ತೆರೆದಳು. ನಿಮಗೆ ಗೊತ್ತಿಲ್ಲದ ಗಿಡ ಯಾವುದಿದೆ ಎಂಬ ಮಾತನ್ನು ಈ ಮನೆಯಲ್ಲಿ ಯಾರ ಬಾಯಿಂದಲಾದರೂ ಕೇಳಬೇಕೆಂದು ಅವಳು ಎಷ್ಟು ಹಂಬಲಿಸಿದ್ದಳು! ಅದು ಈಗ ಬಂದಿತ್ತು, ಪ್ರೇಮಮ್ಮನ ಬಾಯಿಂದಲೇ ಬಂದಿತ್ತು. ಅವಳಿಗೆ ಅದನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಪ್ರೇಮಮ್ಮ ಸಸಿಯ ಬುಟ್ಟಿಯನ್ನು ಅವಳ ಕಡೆ ಸರಿಸಿದಳು. ಸುನಂದಮ್ಮ ಮುಂದಿನ ಟ್ರೇ ಎಳೆದುಕೊಂಡಳು.